ಅಡ್ರಿಯಾನೊ: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ಅಡ್ರಿಯಾನೊ ಬಗ್ಗೆ ಮಾತು ಬಂದಾಗಲೆಲ್ಲ ಜನ ಅವೇ ಪ್ರಶ್ನೆಗಳನ್ನು ಕೇಳುತ್ತಾರೆ. ಅಷ್ಟು ದೊಡ್ಡ ಆಟಗಾರ ಏನಾಗಿ ಹೋದ? ಕುಡಿದು ಹಾಳಾದನಂತೆ, ಹೌದಾ? ಕೈಗೆ ಬರುವ ದುಡ್ಡು ಬಿಟ್ಟು ಊರಿಗೆ ಹೋದನಂತೆ, ಯಾಕೆ? ನಾನು ಅವನ ಆಟ ನೋಡುತ್ತಾ ಬೆಳೆದವನು. ಒಂದೇ ಸಾಲಿನಲ್ಲಿ ಉತ್ತರ ಹೇಳಿ ಮುಗಿಸಲು ಮನಸ್ಸು ಬರುವುದಿಲ್ಲ. ಅದಕ್ಕೇ ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ.

ಯಾವ ಅಡ್ರಿಯಾನೊ? ಆ ಹೆಸರಿನವರು ತುಂಬಾ ಜನ ಇದ್ದಾರಲ್ಲ?

ಇದ್ದಾರೆ. ಬಾರ್ಸಿಲೋನಾದಲ್ಲಿ ಡಿಫೆಂಡರ್ ಆಗಿದ್ದ ಅಡ್ರಿಯಾನೊ ಬೇರೆ. ಇವನ ಪೂರ್ತಿ ಹೆಸರು ಅಡ್ರಿಯಾನೊ ಲೇಯ್ಚಿ ರಿಬೇರೊ. ಹುಟ್ಟಿದ್ದು 1982ರ ಫೆಬ್ರುವರಿ 17ರಂದು, ರಿಯೊ ಡಿ ಜನೈರೊದಲ್ಲಿ. ಎಡಗಾಲಿನ ಸ್ಟ್ರೈಕರ್, ಅಂದರೆ ಮುಂದೆ ನಿಂತು ಗೋಲು ಹೊಡೆಯುವವನು. ಬ್ರೆಜಿಲ್‌ನ ಫ್ಲಮೆಂಗೊ, ಇಟಲಿಯ ಪಾರ್ಮಾ, ಇಂಟರ್ ಮಿಲಾನ್ ಕ್ಲಬ್‌ಗಳಿಗೆ ಆಡಿದ. ಬ್ರೆಜಿಲ್ ಪರ 48 ಪಂದ್ಯಗಳಲ್ಲಿ 27 ಗೋಲು ಹೊಡೆದ. ರೊನಾಲ್ಡೊ ನಂತರ ಬ್ರೆಜಿಲ್‌ನ 9ನೇ ನಂಬರ್ ಅಂಗಿ, ಅಂದರೆ ಮುಖ್ಯ ಸ್ಟ್ರೈಕರ್‌ನ ಜಾಗ, ಇವನದೇ ಅಂತ 2005ರಲ್ಲಿ ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ.

"ಚಕ್ರವರ್ತಿ" ಅಂತ ಯಾಕೆ ಕರೀತಾರೆ?

ರೋಮ್‌ನ ಚಕ್ರವರ್ತಿ ಹೇಡ್ರಿಯನ್‌ಗೆ ಇಟಲಿಯ ಮಾತಿನಲ್ಲಿ ಅಡ್ರಿಯಾನೊ ಅಂತಲೇ ಹೆಸರು. ಇಂಟರ್ ಅಭಿಮಾನಿಗಳು ಅದರಿಂದಲೇ ಇವನನ್ನು ‘ಲಿಂಪೆರಾತೋರೆ’ ಅಂದರು. ಅಂದರೆ ಚಕ್ರವರ್ತಿ. ಅವನ ಮೈಕಟ್ಟು, ಅವನು ಚೆಂಡು ಹಿಡಿದು ನಿಲ್ಲುತ್ತಿದ್ದ ರೀತಿ ನೋಡಿದವರಿಗೆ ಆ ಹೆಸರು ಜಾಸ್ತಿ ಅನ್ನಿಸಲೇ ಇಲ್ಲ.

ಬೆಳೆದಿದ್ದು ಎಲ್ಲಿ?

ವಿಲಾ ಕ್ರುಜೇರೊ. ರಿಯೊ ನಗರದ ಉತ್ತರ ಭಾಗದಲ್ಲಿ, ಪೆನ್ಯಾ ಅನ್ನುವ ಕಡೆ ಇರುವ ಒಂದು ಫವೇಲಾ. ಫವೇಲಾ ಅಂದರೆ ಬಡವರು ತಾವೇ ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟು ಗುಡ್ಡದ ಮೇಲೆ ಕಟ್ಟಿಕೊಂಡ ಬಡಾವಣೆ. ಇಕ್ಕಟ್ಟಾದ ಓಣಿ, ಒಂದಕ್ಕೊಂದು ಅಂಟಿಕೊಂಡ ಮನೆಗಳು. ಗ್ಯಾಂಗ್‌ಗಳ ಕಾಟ ಇದೆ, ಪೊಲೀಸರ ದಾಳಿ ಇದೆ. ಹಾಗೇ ಬಾಗಿಲು ಹಾಕದ ಮನೆಗಳಿವೆ, ಅಕ್ಕಪಕ್ಕದವರ ಪ್ರೀತಿ ಇದೆ. ಸುದ್ದಿಯಲ್ಲಿ ಮೊದಲನೆಯದು ಮಾತ್ರ ಬರುತ್ತದೆ. ಅಡ್ರಿಯಾನೊ ಜೀವನಪೂರ್ತಿ ಎರಡನೆಯದರ ಬಗ್ಗೆಯೇ ಹೇಳುತ್ತಾ ಬಂದಿದ್ದಾನೆ. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಬರುವ ಅರ್ಧ ಪ್ರಶ್ನೆಗಳಿಗೆ ಉತ್ತರ ಇಲ್ಲೇ ಇದೆ.

ಫ್ಲಮೆಂಗೊ ಕ್ಲಬ್‌ನ ಮಕ್ಕಳ ತಂಡ ಅಭ್ಯಾಸ ಮಾಡುತ್ತಿದ್ದದ್ದು ನಗರದ ಇನ್ನೊಂದು ತುದಿಯ ಗಾವಿಯಾದಲ್ಲಿ. ಅಜ್ಜಿ ಅವನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಅಲ್ಲಿಯವರೆಗೆ ಕರೆದುಕೊಂಡು ಹೋಗುತ್ತಿದ್ದರು.

ಅಪ್ಪನ ತಲೆಗೆ ಗುಂಡು ಬಿದ್ದಿತ್ತು ಅನ್ನೋದು ನಿಜವಾ?

ನಿಜ. ಅಡ್ರಿಯಾನೊಗೆ ಆಗ 10 ವರ್ಷ. ಬಡಾವಣೆಯಲ್ಲಿ ಒಂದು ಪಾರ್ಟಿ ನಡೆದಿತ್ತು. ಎಲ್ಲಿಂದಲೋ ಹಾರಿ ಬಂದ ಗುಂಡು ಅಪ್ಪ ಅಲ್ಮಿರ್ ಅವರ ತಲೆಗೆ ಬಿತ್ತು. ಆ ಜಗಳಕ್ಕೂ ಅವರಿಗೂ ಏನೂ ಸಂಬಂಧ ಇರಲಿಲ್ಲ. ಜೀವ ಉಳಿಯಿತು, ಗುಂಡು ಮಾತ್ರ ತಲೆಯೊಳಗೇ ಉಳಿಯಿತು. ಆಮೇಲೆ ಅವರಿಗೆ ಆಗಾಗ ಫಿಟ್ಸ್ ಬರುತ್ತಿತ್ತು. ಮನೆಯ ಭಾರ ಅಮ್ಮನ ಮೇಲೆ ಬಿತ್ತು. ಅಪ್ಪ ಕಣ್ಣೆದುರೇ ಬಿದ್ದು ಒದ್ದಾಡುವುದನ್ನು ನೋಡುತ್ತಾ ಆ ಹುಡುಗ ಬೆಳೆದ.

ಅಲ್ಮಿರ್ ಬಗ್ಗೆ ಅವನು ಹೇಳಿಕೊಂಡ ಇನ್ನೊಂದು ಘಟನೆ ನನ್ನ ತಲೆಯಿಂದ ಹೋಗುವುದಿಲ್ಲ. ಅವನಿಗೆ 14 ವರ್ಷ ಇದ್ದಾಗ ಒಂದು ಪಾರ್ಟಿಯಲ್ಲಿ ಮೊದಲ ಸಲ ಬಿಯರ್ ಲೋಟ ಕೈಗೆತ್ತಿಕೊಂಡನಂತೆ. ಅಪ್ಪ ದೂರದಿಂದಲೇ ನೋಡಿ ಬಂದು, ಲೋಟ ಕಿತ್ತುಕೊಂಡು ಎಸೆದರು. ಕುಡಿತ ಮನೆಯವರನ್ನು ಏನು ಮಾಡುತ್ತದೆ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮೊದಲು ಅವನು ಡಿಫೆಂಡರ್ ಆಗಿದ್ದನಂತೆ?

ಹೌದು, ಲೆಫ್ಟ್ ಬ್ಯಾಕ್. ಆ ಜಾಗದಲ್ಲಿ ಅವನಿಗೆ ಭವಿಷ್ಯ ಕಾಣಲಿಲ್ಲ. ಕ್ಲಬ್ ಅವನನ್ನು ಕೈಬಿಡುವ ಹಂತಕ್ಕೂ ಬಂದಿತ್ತು. ಮುಂದಕ್ಕೆ ಹಾಕಿ ಆಡಿಸಿದ ಮೇಲೆ ಎಲ್ಲ ಬದಲಾಯಿತು. 2000ದ ಫೆಬ್ರುವರಿಯಲ್ಲಿ ಫ್ಲಮೆಂಗೊ ಹಿರಿಯರ ತಂಡಕ್ಕೆ ಆಡಿದ. ಅದೇ ವರ್ಷ ನವೆಂಬರ್‌ನಲ್ಲಿ, 18ನೇ ವಯಸ್ಸಿಗೆ, ಬ್ರೆಜಿಲ್ ತಂಡದ ಅಂಗಿ ಹಾಕಿದ. ಒಂದೇ ವರ್ಷದಲ್ಲಿ ಇಷ್ಟು.

ಇಟಲಿಯಲ್ಲಿ ಹೆಸರು ಮಾಡಿದ್ದು ಹೇಗೆ?

ಒಂದು ಫ್ರೀ ಕಿಕ್‌ನಿಂದ. 2001ರ ಆಗಸ್ಟ್ 14. ಮ್ಯಾಡ್ರಿಡ್‌ನ ಬರ್ನಬೇವ್ ಮೈದಾನದಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ ಇಂಟರ್‌ನ ಸೌಹಾರ್ದ ಪಂದ್ಯ. 19 ವರ್ಷದ ಹುಡುಗ ಬದಲಿ ಆಟಗಾರನಾಗಿ ಇಳಿದ. ತಂಡಕ್ಕೆ ಬಂದು ಕೆಲವೇ ದಿನ ಆಗಿತ್ತು. ಕೊನೆಯ ಹೊತ್ತಿಗೆ ಫ್ರೀ ಕಿಕ್ ಸಿಕ್ಕಿತು. ಹಿರಿಯರು ಸುತ್ತ ಇದ್ದರೂ ಚೆಂಡು ಇವನ ಮುಂದೆ ಬಂತು. ಎಡಗಾಲಿನಲ್ಲಿ ಹೊಡೆದ ಹೊಡೆತ ನೆಟ್ ಮೇಲ್ಭಾಗಕ್ಕೆ ಅಪ್ಪಳಿಸಿತು. ಆ ಗೋಲಿನಿಂದಲೇ ಇಂಟರ್ 2-1ರಲ್ಲಿ ಗೆದ್ದಿತು. ಇಂದಿಗೂ ಇಂಟರ್ ಅಭಿಮಾನಿಗಳು ಆ ಫ್ರೀ ಕಿಕ್‌ನಿಂದಲೇ ಅವನ ಕಥೆ ಶುರು ಮಾಡುತ್ತಾರೆ.

ಅದಾದ ಮೇಲೆ ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲದ ಮಟ್ಟಿಗೆ, ಇಟಲಿಯದೇ ಫಿಯೊರೆಂಟಿನಾ ಕ್ಲಬ್‌ಗೆ ಹೋಗಿ 15 ಪಂದ್ಯದಲ್ಲಿ 6 ಗೋಲು. ಆಮೇಲೆ ಪಾರ್ಮಾ. ಅಲ್ಲಿ ರೊಮೇನಿಯಾದ ಆಡ್ರಿಯನ್ ಮುಟು ಜೊತೆ ಅವನ ಜೋಡಿ ಅದ್ಭುತವಾಗಿತ್ತು. ಲೀಗ್‌ನಲ್ಲಿ 37 ಪಂದ್ಯ, 23 ಗೋಲು. ಇಟಲಿಯಲ್ಲಿ ಡಿಫೆನ್ಸ್ ಎಷ್ಟು ಗಟ್ಟಿ ಅಂತ ಗೊತ್ತಿರುವವರಿಗೆ ಈ ಅಂಕಿಯ ಬೆಲೆ ಗೊತ್ತಾಗುತ್ತದೆ. 2004ರ ಜನವರಿಯಲ್ಲಿ ಇಂಟರ್ ಅವನನ್ನು ವಾಪಸ್ ಕರೆಸಿಕೊಂಡಿತು.

ಅಷ್ಟಕ್ಕೂ ಅವನ ಆಟದಲ್ಲಿ ಏನಿತ್ತು?

ಬಲ ಇತ್ತು, ವೇಗ ಇತ್ತು, ಮೆತ್ತಗಿನ ಕಾಲೂ ಇತ್ತು. ಈ ಮೂರೂ ಒಬ್ಬನಲ್ಲೇ ಸಿಗುವುದು ತುಂಬಾ ಅಪರೂಪ. ಆರಡಿ ಮೀರಿದ ಎತ್ತರ, ಅಗಲವಾದ ಭುಜ. ಅಂಥ ಮೈಯವರು ಸಾಮಾನ್ಯವಾಗಿ ಪೆನಾಲ್ಟಿ ಬಾಕ್ಸ್‌ನಲ್ಲಿ ನಿಂತು ತಲೆಯಿಂದ ಚೆಂಡು ಹೊಡೆಯುತ್ತಾರೆ. ಇವನು ಹಾಗಲ್ಲ. ಅರ್ಧ ಮೈದಾನದಾಚೆಯಿಂದ ಚೆಂಡು ತಳ್ಳಿಕೊಂಡು ಓಡುತ್ತಿದ್ದ. ಡಿಫೆಂಡರ್ ಭುಜ ಕೊಟ್ಟರೆ ಡಿಫೆಂಡರೇ ಪಕ್ಕಕ್ಕೆ ಹೋಗುತ್ತಿದ್ದ. ಇನ್ನೊಬ್ಬ ಅಡ್ಡ ಬಂದರೆ ಚೆಂಡನ್ನು ಸುಮ್ನೆ ಒಂದು ಸಲ ಮುಟ್ಟಿ ದಾಟಿಸಿಬಿಡುತ್ತಿದ್ದ. 2004ರ ಅಕ್ಟೋಬರ್‌ನಲ್ಲಿ ಉಡಿನೇಸೆ ವಿರುದ್ಧ ಹೊಡೆದ ಗೋಲು ಇದೇ ಥರದ್ದು. ತನ್ನ ಅರ್ಧದಲ್ಲಿ ಚೆಂಡು ಸಿಕ್ಕಿತು. ಯಾರಿಗೂ ಪಾಸ್ ಕೊಡಲಿಲ್ಲ. ಒಬ್ಬೊಬ್ಬರನ್ನೇ ದಾಟಿ ಹೋಗಿ ಗೋಲು ಹೊಡೆದ.

ಎಡಗಾಲಿನ ಹೊಡೆತದ ಬಗ್ಗೆ ಬೇರೆಯೇ ಹೇಳಬೇಕು. ತುಂಬಾ ಜನ ಜೋರಾಗಿ ಹೊಡೆಯುತ್ತಾರೆ, ಆದರೆ ಅದಕ್ಕಾಗಿ ಕಾಲನ್ನು ಹಿಂದಕ್ಕೆ ದೊಡ್ಡದಾಗಿ ಎಳೆಯಬೇಕು. ಅಷ್ಟರಲ್ಲಿ ಗೋಲ್‌ಕೀಪರ್‌ಗೆ ಗೊತ್ತಾಗಿಬಿಡುತ್ತದೆ. ಅಡ್ರಿಯಾನೊಗೆ ಅಷ್ಟು ಜಾಗ ಬೇಕಿರಲಿಲ್ಲ. ಇಬ್ಬರು ಮೈಮೇಲೆ ಬಿದ್ದಿದ್ದರೂ ಕಾಲು ಸ್ವಲ್ಪ ಬೀಸಿದರೆ ಸಾಕು, ಚೆಂಡು ನೆಟ್‌ನಲ್ಲಿರುತ್ತಿತ್ತು.

ನಮ್ಮ ಕಡೆ ಇಷ್ಟು ಜನಕ್ಕೆ ಅವನು ಗೊತ್ತಿರೋದು ಹೇಗೆ?

ಬ್ರೆಜಿಲ್ ಮೇಲೆ ನಮ್ಮವರಿಗೆ ಹಳೆಯ ಪ್ರೀತಿ. ಬೆಂಗಳೂರಿನ ಗೌತಮಪುರದಲ್ಲಿ ಪೆಲೆ ಪ್ರತಿಮೆಯೇ ಇದೆ. ಇನ್ನೊಂದು ಕಾರಣ ವಿಡಿಯೊ ಗೇಮ್. ‘ಪ್ರೊ ಎವಲ್ಯೂಷನ್ ಸಾಕರ್ 6’ ಆಟದಲ್ಲಿ ಅಡ್ರಿಯಾನೊ ಹೊಡೆತದ ಬಲಕ್ಕೆ 100ಕ್ಕೆ 99 ಅಂಕ ಕೊಟ್ಟಿದ್ದರು. ಇಂಟರ್ ತಂಡ ತೆಗೆದುಕೊಂಡವನು ಎಷ್ಟು ದೂರದಿಂದ ಹೊಡೆದರೂ ಗೋಲು. ಅವನ ಒಂದು ಪಂದ್ಯವನ್ನೂ ನೋಡದ ಹುಡುಗರಿಗೆ ಅವನ ಎಡಗಾಲು ಗೊತ್ತಿದ್ದದ್ದು ಹೀಗೆ.

2004ರ ಕೋಪಾ ಅಮೆರಿಕದಲ್ಲಿ ಏನಾಯಿತು?

ಕೋಪಾ ಅಂದರೆ ದಕ್ಷಿಣ ಅಮೆರಿಕದ ದೇಶಗಳ ಕಪ್. ಅವನ ಜೀವನದ ಅತಿ ದೊಡ್ಡ ತಿಂಗಳು ಅದು. ಬ್ರೆಜಿಲ್ ತನ್ನ ದೊಡ್ಡ ಆಟಗಾರರಿಗೆ ವಿಶ್ರಾಂತಿ ಕೊಟ್ಟಿತ್ತು. ರೊನಾಲ್ಡೊ, ರೊನಾಲ್ಡಿನೊ, ಕಾಕಾ ಯಾರೂ ಇರಲಿಲ್ಲ. ಟೂರ್ನಿ ನಡೆದ ಪೆರುವಿಗೆ ಹೋಗಿದ್ದು ಎರಡನೇ ಸಾಲಿನ ತಂಡ. ಅಡ್ರಿಯಾನೊ ಕೋಸ್ಟರಿಕಾ ವಿರುದ್ಧ ಮೂರು, ಮೆಕ್ಸಿಕೊ ವಿರುದ್ಧ ಎರಡು, ಸೆಮಿಫೈನಲ್‌ನಲ್ಲಿ ಉರುಗ್ವೆ ವಿರುದ್ಧ ಒಂದು ಗೋಲು ಹೊಡೆದ.

ಜುಲೈ 25ರಂದು ಲಿಮಾದಲ್ಲಿ ಫೈನಲ್. ಎದುರಿಗೆ ಅರ್ಜೆಂಟೀನಾ. 87ನೇ ನಿಮಿಷದಲ್ಲಿ ಅರ್ಜೆಂಟೀನಾ 2-1ರಿಂದ ಮುಂದೆ ಹೋಯಿತು. ಅವರ ಪಾಲಿಗೆ ಪಂದ್ಯ ಮುಗಿದೇ ಹೋಗಿತ್ತು. 90 ನಿಮಿಷ ಮುಗಿದ ಮೇಲೆ ಸೇರಿಸಿದ ಸಮಯದ ಮೂರನೇ ನಿಮಿಷದಲ್ಲಿ ಬಾಕ್ಸ್‌ನ ಗದ್ದಲದೊಳಗೆ ಚೆಂಡು ಬಂತು. ಅಡ್ರಿಯಾನೊ ಅದನ್ನು ಮುಟ್ಟಿ, ತಿರುಗಿ, ಎಡಗಾಲಿನಲ್ಲಿ ಹೊಡೆದ. 2-2. ಪೆನಾಲ್ಟಿ ಶೂಟೌಟ್‌ನಲ್ಲಿ ಬ್ರೆಜಿಲ್ ಗೆದ್ದಿತು. ಏಳು ಗೋಲುಗಳೊಂದಿಗೆ ಅವನೇ ಅತಿ ಹೆಚ್ಚು ಗೋಲು ಹೊಡೆದವನು, ಅವನೇ ಟೂರ್ನಿಯ ಶ್ರೇಷ್ಠ ಆಟಗಾರ. ವಯಸ್ಸು 22.

ಎಲ್ಲರೂ ಹೇಳುವ ಆ ಫೋನ್ ಕರೆ ಯಾವುದು?

ಕಪ್ ಗೆದ್ದು ಸುಮಾರು ಹತ್ತು ದಿನಕ್ಕೆ ಅಲ್ಮಿರ್ ಹೃದಯಾಘಾತದಿಂದ ತೀರಿಕೊಂಡರು. ಅವರಿಗೆ ಇನ್ನೂ ಐವತ್ತು ದಾಟಿರಲಿಲ್ಲ. ಅಡ್ರಿಯಾನೊ ಆಗ ಇಂಟರ್ ತಂಡದ ಜೊತೆ ಯುರೋಪಿನಲ್ಲಿದ್ದ. ಸುದ್ದಿ ಬಂದಿದ್ದು ಫೋನಿನಲ್ಲಿ. ಕ್ಯಾಪ್ಟನ್ ಝನೆಟ್ಟಿ ಹತ್ತಿರದಲ್ಲೇ ಇದ್ದ. ಅಡ್ರಿಯಾನೊ ಫೋನ್ ಎಸೆದು ಕಿರುಚಿದ ರೀತಿಯನ್ನು ನೆನೆದರೆ ಈಗಲೂ ಮೈ ನಡುಗುತ್ತದೆ ಅಂತ ಝನೆಟ್ಟಿ ವರ್ಷಗಳ ನಂತರ ಹೇಳಿಕೊಂಡಿದ್ದಾನೆ. ಅವತ್ತಿನಿಂದ ಝನೆಟ್ಟಿಯೂ ಕ್ಲಬ್ ಮಾಲೀಕ ಮೊರಾಟ್ಟಿಯವರೂ ಅವನನ್ನು ತಮ್ಮನ ಥರ ನೋಡಿಕೊಂಡರು. ಆದರೆ ಅವನು ಮತ್ತೆ ಮೊದಲಿನಂತೆ ಆಗಲೇ ಇಲ್ಲ.

ಅಪ್ಪ ಹೋದ ಮೇಲೂ ಚೆನ್ನಾಗೇ ಆಡಿದನಲ್ಲ? ಮತ್ತೆ ಅದನ್ನೇ ಕಾರಣ ಅನ್ನೋದು ಹೇಗೆ?

ಒಳ್ಳೆಯ ಪ್ರಶ್ನೆ. ಜನ ತಪ್ಪು ತಿಳಿಯುವುದು ಇಲ್ಲೇ. 2004-05ರ ಸೀಸನ್‌ನಲ್ಲಿ ಇಂಟರ್ ಪರ 42 ಪಂದ್ಯಗಳಲ್ಲಿ 28 ಗೋಲು ಹೊಡೆದ. ಯುರೋಪಿನ ದೊಡ್ಡ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನಲ್ಲಿ ಪೋರ್ಟೊ ವಿರುದ್ಧ ಹ್ಯಾಟ್ರಿಕ್. 2005ರ ಜೂನ್‌ನಲ್ಲಿ ಜರ್ಮನಿಯಲ್ಲಿ ನಡೆದ ಕಾನ್ಫೆಡರೇಷನ್ಸ್ ಕಪ್‌ (ಬೇರೆ ಬೇರೆ ಖಂಡಗಳ ಚಾಂಪಿಯನ್ ದೇಶಗಳ ಟೂರ್ನಿ) ಸೆಮಿಫೈನಲ್‌ನಲ್ಲಿ ಆತಿಥೇಯ ಜರ್ಮನಿಗೆ ಎರಡು ಗೋಲು, ಫೈನಲ್‌ನಲ್ಲಿ ಅರ್ಜೆಂಟೀನಾಗೆ ಎರಡು. ಬ್ರೆಜಿಲ್ 4-1ರಲ್ಲಿ ಕಪ್ ಗೆದ್ದಿತು. ಅಲ್ಲೂ ಅವನೇ ಶ್ರೇಷ್ಠ ಆಟಗಾರ. ಪ್ರತಿ ಗೋಲು ಹೊಡೆದಾಗಲೂ ಆಕಾಶದ ಕಡೆ ಕೈ ತೋರಿಸುತ್ತಿದ್ದ.

ನನಗೆ ಅನ್ನಿಸುವುದು ಇಷ್ಟು. ನಮ್ಮ ಮನೆಗಳಲ್ಲೂ ಸಾವಾದಾಗ ಮೊದಲ ದಿನಗಳಲ್ಲಿ ಓಡಾಡಿ ಎಲ್ಲ ಕೆಲಸ ಮಾಡುವವರು ಇರುತ್ತಾರಲ್ವಾ? ಎಷ್ಟು ಗಟ್ಟಿ ಅಂತ ನೆಂಟರು ಹೊಗಳುತ್ತಾರೆ. ತಿಥಿ ಎಲ್ಲ ಮುಗಿದು, ಬಂದವರು ಹೋದ ಮೇಲೆ ಅವರು ಕುಸಿಯುತ್ತಾರೆ. ಅಡ್ರಿಯಾನೊ ಒಂದು ವರ್ಷ ಗೋಲು ಹೊಡೆದ. ಗೋಲು ಬರುತ್ತಿದ್ದುದರಿಂದ ಎಲ್ಲ ಸರಿಯಾಗಿದೆ ಅಂತ ಜಗತ್ತು ಅಂದುಕೊಂಡಿತು.

ಇನ್ನೊಂದು ಮಾತು. ಒಂಟಿತನ ಅಪ್ಪ ಹೋದ ಮೇಲೆ ಶುರುವಾಗಿದ್ದಲ್ಲ. ಇಟಲಿಯಲ್ಲಿ ಕಳೆದ ಒಂದು ಕ್ರಿಸ್‌ಮಸ್ ಬಗ್ಗೆ ಅವನು ಹೇಳಿದ್ದಾನೆ. ಜೊತೆ ಆಟಗಾರ ಸೀಡಾರ್ಫ್ ಮನೆಯ ಊಟಕ್ಕೆ ಹೋಗಿದ್ದ. ಎಲ್ಲ ಚೆನ್ನಾಗಿತ್ತು. ಮಿಲಾನ್‌ನ ತನ್ನ ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿದ. ಹಿಂದುಗಡೆ ಮನೆಯವರ ನಗು, ಹಾಡು ಕೇಳಿಸಿತು. ಫೋನ್ ಇಟ್ಟವನು ಒಬ್ಬನೇ ಕೂತು ಅತ್ತ. ಒಂದು ಬಾಟಲಿ ವೋಡ್ಕಾ ಪೂರ್ತಿ ಕುಡಿದ.

ಹಾಗಾದರೆ ಕುಡಿತದ ಕಥೆಗಳು ನಿಜ?

ನಿಜ. ಅವನೇ ಮುಚ್ಚುಮರೆ ಇಲ್ಲದೆ ಹೇಳಿದ್ದಾನೆ. ಕುಡಿದಾಗ ಮಾತ್ರ ನಿದ್ದೆ ಬರುತ್ತಿತ್ತು, ಬೆಳಿಗ್ಗೆ ಕುಡಿದ ಮತ್ತಿನಲ್ಲೇ ಅಭ್ಯಾಸಕ್ಕೆ ಹೋಗುತ್ತಿದ್ದೆ, ಕ್ಲಬ್‌ನವರು ಒಳಗೆ ಮಲಗಿಸಿ ಪತ್ರಕರ್ತರಿಗೆ ಸ್ನಾಯು ನೋವು ಅನ್ನುತ್ತಿದ್ದರು ಅಂತ. ಲೋಟ ಕಿತ್ತುಕೊಂಡು ಎಸೆಯುತ್ತಿದ್ದ ಮನುಷ್ಯ ಆಗ ಇರಲಿಲ್ಲ.

ಅವನ ಬಗ್ಗೆ ಹಬ್ಬಿದ ಬೇರೆ ಗಾಳಿಸುದ್ದಿಗಳನ್ನು ನಾನು ಇಲ್ಲಿ ಬರೆಯುವುದಿಲ್ಲ.

2006ರ ವಿಶ್ವಕಪ್‌ನಲ್ಲಿ ಯಾಕೆ ಮಿಂಚಲಿಲ್ಲ?

ರೊನಾಲ್ಡೊ, ರೊನಾಲ್ಡಿನೊ, ಕಾಕಾ, ಅಡ್ರಿಯಾನೊ. ಈ ನಾಲ್ವರನ್ನು ಬ್ರೆಜಿಲ್‌ನಲ್ಲಿ ‘ಮಾಯಾ ಚೌಕ’ ಅಂತ ಕರೆದರು. ಹೆಸರು ಕೇಳಿದರೇ ಎದುರಾಳಿ ಹೆದರಬೇಕು, ಅಷ್ಟು ದೊಡ್ಡವರು. ಮೈದಾನದಲ್ಲಿ ಅದು ಕೂಡಿ ಬರಲಿಲ್ಲ. ತಂಡಕ್ಕೆ ತಯಾರಿ ಸಾಲದು, ಕೆಲವರ ಮೈ ಭಾರವಾಗಿತ್ತು, ಅಡ್ರಿಯಾನೊ ಕೂಡ ಹಿಂದಿನ ವರ್ಷದ ಅಡ್ರಿಯಾನೊ ಆಗಿರಲಿಲ್ಲ. ಆಸ್ಟ್ರೇಲಿಯಾಕ್ಕೆ ಒಂದು, ಘಾನಾಕ್ಕೆ ಒಂದು ಗೋಲು ಹೊಡೆದ. ಫ್ರಾನ್ಸ್ ವಿರುದ್ಧದ ಕ್ವಾರ್ಟರ್ ಫೈನಲ್‌ಗೆ ಕೋಚ್ ಪರೇರಾ ಅವನನ್ನು ಬೆಂಚಿನಲ್ಲಿ ಕೂರಿಸಿದರು. ಆ ಪಂದ್ಯ ನಮಗೆ ರಾತ್ರಿ ಹನ್ನೆರಡೂವರೆಗೆ ಶುರು. ನಿದ್ದೆಗೆಟ್ಟು ನೋಡಿದ್ದೆ. ಆನ್ರಿ ಒಂದೇ ಗೋಲು ಹೊಡೆದ, ಬ್ರೆಜಿಲ್ ಮನೆಗೆ ಹೋಯಿತು. 24 ವರ್ಷದ ಅಡ್ರಿಯಾನೊಗೆ ಅದೇ ಕೊನೆಯ ವಿಶ್ವಕಪ್ ಆಗುತ್ತದೆ ಅಂತ ಆ ರಾತ್ರಿ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಇಂಟರ್ ಅವನನ್ನು ಕೈಬಿಟ್ಟಿತಾ?

ಇಲ್ಲ. ಇದನ್ನು ಒತ್ತಿ ಹೇಳಬೇಕು. 2006ರಲ್ಲಿ ಇಬ್ರಾಹಿಮೊವಿಚ್ ಮತ್ತು ಕ್ರೆಸ್ಪೊ ಬಂದ ಮೇಲೆ ತಂಡದಲ್ಲಿ ಜಾಗ ಕಷ್ಟವಾಯಿತು, ನಿಜ. ಆದರೆ ಕ್ಲಬ್ ತಾಳ್ಮೆಯಿಂದ ಕಾದಿತು. 2007ರ ಕೊನೆಗೆ ರಜೆ ಕೊಟ್ಟು ಬ್ರೆಜಿಲ್‌ಗೆ ಕಳಿಸಿತು. ಸಾವೊ ಪಾವ್ಲೊ ಕ್ಲಬ್‌ನಲ್ಲಿ ಚೇತರಿಸಿಕೊಂಡು, 2008ರ ಮೊದಲ ಅರ್ಧ ಅಲ್ಲೇ ಲೋನ್ ಮೇಲೆ ಆಡಿ, ಮತ್ತೆ ಗೋಲು ಹೊಡೆಯಲು ಶುರು ಮಾಡಿದ. ಆಮೇಲೆ ಮೊರಿನೊ ಕೋಚ್ ಆಗಿದ್ದಾಗ ಇಂಟರ್‌ಗೆ ಮರಳಿದ. ಅವನನ್ನು ಆ ಕತ್ತಲಿನಿಂದ ಹೊರಗೆ ತರಲಾಗದ್ದು ತನ್ನ ದೊಡ್ಡ ಸೋಲು ಅಂತ ಝನೆಟ್ಟಿ ಇಂದಿಗೂ ಕೊರಗುತ್ತಾನೆ.

ಪ್ರೀತಿ ಇತ್ತು. ಖಿನ್ನತೆಯನ್ನು ಕಾಯಿಲೆ ಅಂತ ನೋಡಿ ಚಿಕಿತ್ಸೆ ಕೊಡುವ ರೂಢಿ ಆಗಿನ ಫುಟ್‌ಬಾಲ್‌ನಲ್ಲಿ ತೀರಾ ಕಡಿಮೆ ಇತ್ತು. ಮೊಣಕಾಲು ಉಳುಕಿದರೆ ಹತ್ತು ಜನ ಓಡಿ ಬರುತ್ತಿದ್ದರು.

2009ರಲ್ಲಿ ಓಡಿ ಹೋಗಿದ್ದು ಯಾಕೆ?

ವಿಶ್ವಕಪ್ ಅರ್ಹತಾ ಪಂದ್ಯಗಳಿಗೆಂದು ಬ್ರೆಜಿಲ್‌ಗೆ ಹೋದವನು ಇಟಲಿಗೆ ವಾಪಸ್ ಬರಲಿಲ್ಲ. ಆಡುವ ಖುಷಿ ಹೋಗಿದೆ, ಸ್ವಲ್ಪ ದಿನ ಆಟ ಬಿಡುತ್ತೇನೆ ಅಂದ. ಒಪ್ಪಂದ ಮುಗಿಯಲು ಇನ್ನೂ ಒಂದು ವರ್ಷ ಇತ್ತು. ಏಪ್ರಿಲ್‌ನಲ್ಲಿ ಇಬ್ಬರೂ ಒಪ್ಪಿ ಅದನ್ನು ಮುರಿದರು. ವಯಸ್ಸು 27. ಹೋಗಿ ಕೂತಿದ್ದು ವಿಲಾ ಕ್ರುಜೇರೊದಲ್ಲಿ, ಬಾಲ್ಯದ ಗೆಳೆಯರ ಜೊತೆ, ಬರಿಗಾಲಿನಲ್ಲಿ. ಕೋಟಿಗಟ್ಟಲೆ ಬಿಟ್ಟು ಕೊಳೆಗೇರಿಗೆ ಹೋದ ಅಂತ ಪತ್ರಿಕೆಗಳು ಬರೆದವು. ಅವನಿಗೆ ಅದು ಕೊಳೆಗೇರಿ ಅಲ್ಲ, ಊರು.

ಮುಂದಿನ ವರ್ಷ ಇಂಟರ್ ಒಂದೇ ಸೀಸನ್‌ನಲ್ಲಿ ಲೀಗ್, ಇಟಲಿಯ ಕಪ್, ಚಾಂಪಿಯನ್ಸ್ ಲೀಗ್ ಮೂರನ್ನೂ ಗೆದ್ದಿತು. ಅವನು ಅಲ್ಲಿ ಇರಲಿಲ್ಲ.

ಅಲ್ಲಿಗೆ ಆಟ ಮುಗಿಯಿತಾ?

ಮುಗಿಯಲಿಲ್ಲ! ಎಲ್ಲರೂ ಮರೆಯುವ ವರ್ಷ ಇದು. 2009ರ ಮೇ ತಿಂಗಳಲ್ಲೇ ಫ್ಲಮೆಂಗೊ ಸೇರಿದ. ಫ್ಲಮೆಂಗೊ 1992ರಿಂದ ಬ್ರೆಜಿಲ್ ಲೀಗ್ ಗೆದ್ದಿರಲಿಲ್ಲ. ಆಂಡ್ರಾಡೆ ಕೋಚ್, 37 ವರ್ಷದ ಪೆಟ್ಕೊವಿಚ್ ಚೆಂಡು ಹಂಚುವವನು, ಮುಂದೆ ಅಡ್ರಿಯಾನೊ. 19 ಗೋಲು ಹೊಡೆದು, ಡಿಯೆಗೊ ತಾರ್ದೆಲ್ಲಿ ಜೊತೆ ಲೀಗ್‌ನ ಅತಿ ಹೆಚ್ಚು ಗೋಲಿನ ಆಟಗಾರನಾದ. ಡಿಸೆಂಬರ್ 6ರಂದು ಮರಕಾನಾ ಮೈದಾನದಲ್ಲಿ ಗ್ರೇಮಿಯೊ ತಂಡವನ್ನು 2-1ರಲ್ಲಿ ಸೋಲಿಸಿ ಫ್ಲಮೆಂಗೊ ಚಾಂಪಿಯನ್ ಆಯಿತು. ಹದಿನೇಳು ವರ್ಷ ಕಾದಿದ್ದ ಜನ ಅತ್ತರು.

ನನ್ನ ಮಟ್ಟಿಗೆ ಅವನ ಕಥೆಯ ಮುಖ್ಯ ಭಾಗ ಇದೇ. ಕಾಲು ಹೋಗಿರಲಿಲ್ಲ, ಕಲೆ ಹೋಗಿರಲಿಲ್ಲ. ಅಮ್ಮ, ಅಜ್ಜಿ, ಗೆಳೆಯರು ಹತ್ತಿರ ಇದ್ದಾಗ ಆಡಿದ.

ರೋಮಾ, ಕೊರಿಂಥಿಯನ್ಸ್, ಆಮೇಲಿನ ವರ್ಷಗಳು?

ಬೇಗ ಹೇಳಿಬಿಡುತ್ತೇನೆ, ನೋವಾಗುತ್ತದೆ. 2010ರ ಮಾರ್ಚ್‌ನಲ್ಲಿ ಐರ್ಲೆಂಡ್ ವಿರುದ್ಧ ಬ್ರೆಜಿಲ್ ಪರ ಕೊನೆಯ ಪಂದ್ಯ ಆಡಿದ. ಆ ವರ್ಷದ ವಿಶ್ವಕಪ್ ತಂಡಕ್ಕೆ ಕೋಚ್ ದುಂಗಾ ಅವನನ್ನು ಆರಿಸಲಿಲ್ಲ. ಇಟಲಿಯ ರೋಮಾ ಕ್ಲಬ್ ಸೇರಿ ಒಂದು ಗೋಲೂ ಇಲ್ಲದೆ 2011ರ ಮಾರ್ಚ್‌ನಲ್ಲಿ ಹೊರಬಂದ. ಬ್ರೆಜಿಲ್‌ನ ಕೊರಿಂಥಿಯನ್ಸ್ ಕ್ಲಬ್ ಸೇರಿದ ಕೆಲವೇ ವಾರಕ್ಕೆ ಅಕಿಲಿಸ್, ಅಂದರೆ ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು, ಹರಿಯಿತು. ವೇಗದ ಮೇಲೆ ನಿಂತ ಆಟಗಾರನಿಗೆ ಅದಕ್ಕಿಂತ ಕೆಟ್ಟ ಗಾಯ ಇಲ್ಲ. ಆ ನವೆಂಬರ್‌ನಲ್ಲಿ ಅಟ್ಲೆಟಿಕೊ ಮಿನೇರೊ ವಿರುದ್ಧ ಕೊನೆಯ ಗಳಿಗೆಯಲ್ಲಿ ಗೆಲುವಿನ ಗೋಲು ಹೊಡೆದ, ಕೊರಿಂಥಿಯನ್ಸ್ ಲೀಗ್ ಗೆದ್ದಿತು. 2014ರಲ್ಲಿ ಅಟ್ಲೆಟಿಕೊ ಪರನಾಯೆನ್ಸೆ, 2016ರಲ್ಲಿ ಅಮೆರಿಕದ ಮಯಾಮಿ ಯುನೈಟೆಡ್. ಅಷ್ಟೇ.

ಇಟಲಿಯಲ್ಲಿ ಕೆಟ್ಟ ಆಟಗಾರ ಪ್ರಶಸ್ತಿ ಬಂದಿತ್ತಂತೆ?

ಹೌದು. ವರ್ಷದ ಅತಿ ಕೆಟ್ಟ ಆಟಗಾರನಿಗೆ ಅಲ್ಲಿನ ಒಂದು ರೇಡಿಯೊ ಕಾರ್ಯಕ್ರಮ ‘ಚಿನ್ನದ ಡಬ್ಬ’ ಅನ್ನುವ ಅಣಕು ಪ್ರಶಸ್ತಿ ಕೊಡುತ್ತಿತ್ತು. 2006, 2007, 2010, ಮೂರು ಸಲ ಇವನಿಗೆ ಬಂತು. ಅಪ್ಪನನ್ನು ಕಳೆದುಕೊಂಡು ಕುಸಿದು ಕೂತ ಹುಡುಗನನ್ನು ನೋಡಿ ನಗುವುದು ನನಗೆ ಆಗಲೂ ಸರಿ ಕಾಣಲಿಲ್ಲ.

ಅವನು ಪ್ರತಿಭೆ ಹಾಳು ಮಾಡಿಕೊಂಡ ಅನ್ನಬಹುದಾ?

ಅವನೇ ಅಂದಿದ್ದಾನೆ, ಫುಟ್‌ಬಾಲ್‌ನ ಅತಿ ದೊಡ್ಡ ವ್ಯರ್ಥ ತಾನೇ ಅಂತ. ಆ ಮಾತನ್ನು ಅವನು ಹೇಳಬಹುದು. ನಾವು ಹೇಳುವ ಮುಂಚೆ ಸ್ವಲ್ಪ ಯೋಚಿಸಬೇಕು. ಕೋಪಾ ಅಮೆರಿಕ, ಕಾನ್ಫೆಡರೇಷನ್ಸ್ ಕಪ್, ಇಟಲಿ ಲೀಗ್, ಬ್ರೆಜಿಲ್ ಲೀಗ್, ಎಲ್ಲ ಗೆದ್ದಿದ್ದಾನೆ. ಇನ್ನೂ ಹತ್ತು ವರ್ಷ ಅವನು ಆಡಬೇಕಿತ್ತು ಅನ್ನುವುದು ನಮ್ಮ ಆಸೆ. ನನಗೂ ಆ ಆಸೆ ಇತ್ತು, ಈಗಲೂ ಇದೆ. ಆದರೆ ಅವನ ತಪ್ಪುಗಳಿಂದ ಜಾಸ್ತಿ ನೋವು ಪಟ್ಟಿದ್ದು ಅವನೇ ಹೊರತು ನಾವಲ್ಲ.

ಈಗ ಏನು ಮಾಡುತ್ತಿದ್ದಾನೆ?

ರಿಯೊದಲ್ಲೇ ಇದ್ದಾನೆ. ಇಂದಿಗೂ ವಿಲಾ ಕ್ರುಜೇರೊಗೆ ಹೋಗುತ್ತಾನೆ. ಗೆಳೆಯರ ಜೊತೆ ಡೊಮಿನೊ ಆಡುತ್ತಾನೆ, ರಸ್ತೆ ಪಕ್ಕದ ಕಟ್ಟೆ ಮೇಲೆ ಕೂತು ಹರಟುತ್ತಾನೆ. 2024ರ ಡಿಸೆಂಬರ್ 15ರಂದು ಮರಕಾನಾದಲ್ಲಿ ಅವನಿಗೆ ವಿದಾಯದ ಪಂದ್ಯ ಏರ್ಪಡಿಸಿದರು. ಒಂದು ಕಡೆ ಫ್ಲಮೆಂಗೊದ ಹಳಬರು, ಇನ್ನೊಂದು ಕಡೆ ಇಟಲಿಯ ಗೆಳೆಯರು. ಕಂಪ್ಯೂಟರ್‌ನಲ್ಲಿ ಮೂಡಿಸಿದ ಅಪ್ಪನ ಚಿತ್ರ ಮಗನ ಜೊತೆ ಮಾತಾಡುವ ವಿಡಿಯೊ ತೋರಿಸಿದರು. 42 ವರ್ಷದ ಆ ದೊಡ್ಡ ಮನುಷ್ಯ ಮೈದಾನದ ಮಧ್ಯೆ ಅತ್ತ.

ಅವನ ಆಟ ನೋಡದವರು ಏನು ನೋಡಬೇಕು?

2001ರ ಬರ್ನಬೇವ್ ಫ್ರೀ ಕಿಕ್‌ನಿಂದ ಶುರು ಮಾಡಿ. ಆಮೇಲೆ ಉಡಿನೇಸೆ ವಿರುದ್ಧದ ಓಟ. 2005ರ ಕಾನ್ಫೆಡರೇಷನ್ಸ್ ಕಪ್ ಫೈನಲ್‌ನ ಮೊದಲ ಗೋಲು, ಬಾಕ್ಸ್ ಹೊರಗಿನಿಂದ ಎಡಗಾಲಿನಲ್ಲಿ. ಕೊನೆಗೆ 2004ರ ಲಿಮಾ ಫೈನಲ್. ಆ ಗೋಲನ್ನು ಮಾತ್ರ ಬಿಡಿಯಾಗಿ ನೋಡಬೇಡಿ. 85ನೇ ನಿಮಿಷದಿಂದ ನೋಡಿ. ಅರ್ಜೆಂಟೀನಾದವರು ಗೆದ್ದೆವು ಅಂದುಕೊಳ್ಳುವುದನ್ನು ನೋಡಿ, ಚೆಂಡು ಬಾಕ್ಸ್‌ಗೆ ಬಂದಾಗ ಅವನ ಎಡಗಾಲನ್ನು ನೋಡಿ, ಆಮೇಲೆ ಅವನು ಓಡುವಾಗ ಮುಖ ನೋಡಿ. ಆಗ ಅವನ ಅಪ್ಪ ಇನ್ನೂ ಬದುಕಿದ್ದರು.